ಒರೆಗಲ್ಲಿನ ಮೇಲೆ ಉಳಿದ ಗೆರೆ

ನನ್ನ ಸೋದರಮಾವನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸದಾ ಒಂದಿಷ್ಟು ಎಣ್ಣೆ ಅಂಟಿಕೊಂಡಿರುತ್ತಿತ್ತು. ಚಿನ್ನ ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕಿನಲ್ಲಿ ಅವನು ಚಿನ್ನ ಪರೀಕ್ಷೆ ಮಾಡುವವನು. ಗಾಜಿನ ಕಿಂಡಿಯ ಹಿಂದೆ ಎತ್ತರದ ಸ್ಟೂಲು, ಮುಂದೆ ಸಣ್ಣ ತಕ್ಕಡಿ, ಅಂಗೈಯಗಲದ ಕರೀ ಒರೆಗಲ್ಲು. ಕಲ್ಲಿಗೆ ಹನಿ ಎಣ್ಣೆ ಸವರಿ ಒರೆಸಿ, ಬಳೆಯನ್ನೋ ಸರವನ್ನೋ ಅದರ ಮೇಲೆ ಒಮ್ಮೆ ಎಳೆದರೆ ಹಳದಿ ಗೆರೆ ಮೂಡುತ್ತದೆ. ಅದರ ಪಕ್ಕದಲ್ಲಿ ಗುಣಮಟ್ಟ ಗೊತ್ತಿರುವ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು ಹೋಲಿಸಿದರೆ ಚಿನ್ನವೆಷ್ಟು, ತಾಮ್ರವೆಷ್ಟು ಎಂದು ಅವನಿಗೆ ತಿಳಿದುಹೋಗುತ್ತಿತ್ತು. ಒಡವೆ ತಂದವರು ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಮಾತ್ರ ಕಲ್ಲನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಅದು ಕೆಲಸ. ಮನೆಯಲ್ಲಿ ಅದು ರೋಗ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರೆ. ಮಾವ ಅಕ್ಕಸಾಲಿಯಲ್ಲ, ಆದರೂ ಬಿಡಲಿಲ್ಲ. ನನ್ನ ಅಮ್ಮ ಅವನ ಸ್ವಂತ ಅಕ್ಕ. ಮದುವೆಯ ದಿನ ಗಂಡನ ಮನೆಯವರು ಅವಳ ಕೊರಳಿಗೆ ಹಾಕಿದ ಸರವನ್ನು ಇವನು ಮೂಲೆಗೊಯ್ದು ಕಲ್ಲಿಗೆ ಉಜ್ಜಿ, "ಪರವಾಗಿಲ್ಲ, ಒಳ್ಳೇದೇ ಇದೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದನಂತೆ. ಅಪ್ಪ ಸಾಯುವವರೆಗೂ ಆ ಮಾತನ್ನು ಮರೆಯಲಿಲ್ಲ. ಅತ್ತೆಯಂತೂ, "ನನ್ನನ್ನೂ ಒರೆಗೆ ಹಚ್ಚಿಯೇ ಮದುವೆಯಾಗಿದ್ದು ಈ ಮಹಾನುಭಾವ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಒಂದು ಪುಟ್ಟ ಕಲ್ಲು, ಹೋಲಿಸುವ ಕಡ್ಡಿಯ ಜೊತೆಗೆ, ಚರ್ಮದ ಚೀಲದಲ್ಲಿ ಅವನ ಜೇಬಿನಲ್ಲೇ ಇರುತ್ತಿತ್ತು. ಬೇರೆ ಗಂಡಸರ ಜೇಬಿನಲ್ಲಿ ಬಾಚಣಿಗೆ ಇರುವ ಹಾಗೆ.

ಇಂಥ ಅನುಮಾನದ ಮನುಷ್ಯನಿಗೆ ಒಂದೇ ಒಂದು ಮೋಹ. ಹಳೇ ಕಾಲದ ಚಿನ್ನದ ನಾಣ್ಯ. ದಿನವಿಡೀ ಬೇರೆಯವರ ಒಡವೆ ಮುಟ್ಟಿ ಮುಟ್ಟಿ ಬೇಸತ್ತವನಿಗೆ, ಯಾರೂ ಬಿಡಿಸಿಕೊಂಡು ಹೋಗಲು ಬಾರದ ಚಿನ್ನ ಬೇಕಿತ್ತು ಅಂತ ಕಾಣುತ್ತದೆ. ವರ್ಷಗಟ್ಟಲೆ ಹೊಟ್ಟೆ ಬಟ್ಟೆ ಕಟ್ಟಿ ಒಂದೊಂದಾಗಿ ಕೂಡಿಹಾಕಿದ. "ನಮ್ಮ ಮನೇಲಿ ರಾಜಮಹಾರಾಜರೆಲ್ಲ ಇದಾರೆ ಕಣೇ, ಫ್ರಿಜ್ ಒಂದಿಲ್ಲ" ಅನ್ನುತ್ತಿದ್ದಳು ಅತ್ತೆ.

ಅವನ ಜೊತೆಗೆ ಇದೇ ಹುಚ್ಚು ಹತ್ತಿಸಿಕೊಂಡವರು ವಾಚ್ ರಿಪೇರಿಯವರು. ಬೀದಿಯಲ್ಲಿ ಅವರಿಗೆ ಟಿಕ್‌ಟಿಕ್ ಎಂದೇ ಹೆಸರು. ಅವರ ಅಂಗಡಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಗೂಡು. ಗೋಡೆ ತುಂಬ ಒಂದಕ್ಕೊಂದು ಒಪ್ಪದ ಗಡಿಯಾರಗಳು, ಮೇಜಿನ ಮೇಲೆ ಬಗ್ಗಿಸಿದ ದೀಪ, ಗಾಜಿನ ಬಟ್ಟಲು ಮುಚ್ಚಿಟ್ಟ ಸಣ್ಣ ಸಣ್ಣ ಚಕ್ರಗಳು. ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೂಜಿಯ ತುದಿಯಲ್ಲಿ ಎಣ್ಣೆಯ ಕಣ ಎತ್ತಿ ಹೆಂಗಸರ ವಾಚಿನೊಳಗೆ ಬಿಡುವಾಗ ಅವರ ಕೈ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿರುತ್ತಿತ್ತು. ನಾನೂ ಸೂಜಿ ಹಿಡಿಯುವವಳೇ. ಆ ಕೈ ನೋಡಿ ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಭಾನುವಾರ ಮಧ್ಯಾಹ್ನ ಇಬ್ಬರೂ ಟಿಕ್‌ಟಿಕ್ ಅವರ ಮನೆಯಲ್ಲಿ ಸೇರುತ್ತಿದ್ದರು. ತಟ್ಟೆಗಳನ್ನು ಹರಡಿಕೊಂಡು, ನಾಣ್ಯದ ಅಂಚನ್ನಷ್ಟೇ ಹಿಡಿದು ತಿರುಗಿಸಿ ನೋಡುವುದು, ಜಗಳವಾಡುವುದು, ಚಹಾ ಕುಡಿಯುವುದು. ಆ ತಟ್ಟೆಗಳಿಗೆ ಮಖಮಲ್ಲಿನ ಗೂಡು ಹೊಲಿದುಕೊಟ್ಟವಳು ನಾನೇ. ಹೊಲಿಗೆ ಕೂಲಿ ಕೇಳಿದರೆ ಇಬ್ಬರೂ ಕಿವುಡರಾಗುತ್ತಿದ್ದರು.

ಇಬ್ಬರಿಗೂ ಒಂದೇ ನಾಣ್ಯದ ಮೇಲೆ ಕಣ್ಣಿತ್ತು. ಕಿರುಬೆರಳ ಉಗುರಿನಷ್ಟಗಲ. ಒಂದು ಕಡೆ ಕುದುರೆ ಸವಾರ, ಇನ್ನೊಂದು ಕಡೆ ಅಂಚಿನ ಸುತ್ತ ಪುಟ್ಟ ಅಕ್ಷರಗಳು. ಹೊರಡಿಸಿದ ರಾಜ ಪಟ್ಟಕ್ಕೆ ಬಂದ ಸ್ವಲ್ಪ ದಿನಕ್ಕೇ ಸತ್ತನಂತೆ. ಹಾಗಾಗಿ ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ. ಅದನ್ನು ಮೊದಲು ಮಾವನ ಬಳಿಗೇ ತಂದಿದ್ದ ಒಬ್ಬ ಹಳೇ ಸಾಮಾನಿನವನು. ಬ್ಯಾಂಕಿನ ಮೆಟ್ಟಿಲ ಮೇಲೆ, ಊಟದ ಬಿಡುವಿನಲ್ಲಿ. ಮಾವ ಅವನ ಕೊಳಕು ಅಂಗಿ ನೋಡಿದ, ನಾಣ್ಯದ ಮೇಲೊಂದು ಕಣ್ಣು ಹಾಯಿಸಿದ, "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಯ್ಯ, ಹೋಗು" ಎಂದು ಅಟ್ಟಿದ. ಕಲ್ಲಿಗೆ ಕೂಡ ಹಚ್ಚಲಿಲ್ಲ. ಎಲ್ಲವನ್ನೂ ಉಜ್ಜಿ ನೋಡುವವನು, ಉಜ್ಜಬೇಕಾದದ್ದನ್ನು ಉಜ್ಜದೆ ಕಳಿಸಿದ. ಆ ಮನುಷ್ಯ ನೆಟ್ಟಗೆ ಟಿಕ್‌ಟಿಕ್ ಅವರ ಅಂಗಡಿಗೆ ಬಂದ. ಅವರು ಒಂದು ಹಗಲೆಲ್ಲ ಭೂತಗನ್ನಡಿಯಲ್ಲಿ ನೋಡಿ ಕೊಂಡುಕೊಂಡರು.

ಮುಂದಿನ ಭಾನುವಾರ ನಡೆದದ್ದನ್ನು ಮಾವ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಕತೆಗೆ ಅದು ಇಲ್ಲೇ ಬೇಕು.

ಟಿಕ್‌ಟಿಕ್ ನಾಣ್ಯವನ್ನು ಮಖಮಲ್ಲಿನ ಮೇಲಿಟ್ಟು ಮಾವನ ಮುಂದೆ ಸರಿಸಿದರು. "ಕಣ್ಣು ತುಂಬ ನೋಡು. ಕಲ್ಲು ಮಾತ್ರ ಮುಟ್ಟಿಸಬೇಡ" ಎಂದು ನಗುತ್ತ ಹೇಳಿ ಚಹಾ ಮಾಡಲು ಒಳಗೆ ಹೋದರು. ಮಾವ ನೋಡಿದ. ಸವಾರನ ಮೂಗು, ಕುದುರೆಯ ಲಗಾಮು ಎಲ್ಲ ನಿನ್ನೆ ಒತ್ತಿದಷ್ಟು ಸ್ಪಷ್ಟ. ಅದು ನಿಜವೇ ಆಗಿದ್ದರೆ ಮೆಟ್ಟಿಲ ಮೇಲೆ ತಾನು ಶತಮೂರ್ಖನಾದೆ. ಖೋಟಾ ಆಗಿರಲಿ ಎಂದು ಅವನು ಮನಸಾರೆ ಹಾರೈಸಿದನಂತೆ, ಗೆಳೆಯ ಮೋಸಹೋಗಿರಲಿ ಎಂದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು. ಜೇಬಿನಿಂದ ಕಲ್ಲು ತೆಗೆದ, ನಾಣ್ಯದ ಅಂಚನ್ನು ಒಂದು ಸಲ ಎಳೆದ, ಪಕ್ಕದಲ್ಲಿ ಕಡ್ಡಿಯ ಗೆರೆ ಎಳೆದ. ಎರಡೂ ಗೆರೆ ಒಂದೇ. ಅಪ್ಪಟ.

"ಗೆರೆ ನೋಡಿ ಖುಷಿಯಾಗಬೇಕಿತ್ತು" ಅಂದ ಮಾವ ನನಗೆ. "ಆಗಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು."

ಕಲ್ಲನ್ನು ಜೇಬಿಗೆ ಸೇರಿಸಿ, ನಾಣ್ಯವನ್ನು ಇದ್ದ ಹಾಗೇ ಇಟ್ಟ. ಟಿಕ್‌ಟಿಕ್ ಬಂದು ಚಹಾದ ಲೋಟ ಇಟ್ಟರು. ಅಕ್ಷರ ತೋರಿಸುತ್ತೇನೆ ಎಂದು ಚಿಮಟದಲ್ಲಿ ನಾಣ್ಯ ಎತ್ತಿದರು. ಅದು ಜಾರಿತು. ಮೇಜಿನ ಅಂಚಿಗೆ ಬಡಿದು, ಸಿಮೆಂಟು ನೆಲಕ್ಕೆ ಬಿದ್ದು, ಉರುಳಿ ಬೀರುವಿನ ಅಡಿಗೆ ಹೋಯಿತು. ಅವರು ಮಂಡಿಯೂರಿ ಹೊರತೆಗೆದು, ಅಭ್ಯಾಸದ ಹಾಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿ ಹಾಕಿ ನೋಡಿದರು. ಅಂಚು ಒಂದು ಕಡೆ ಸವೆದಿತ್ತು. ಒಂದು ಅಕ್ಷರ ಅರ್ಧ ಮಾಯವಾಗಿತ್ತು.

ಅವರು ನಾಣ್ಯ ನೋಡುವುದನ್ನು ಬಿಟ್ಟು ತಮ್ಮ ಕೈ ನೋಡಿಕೊಂಡರಂತೆ. "ಇಷ್ಟು ವರ್ಷದಲ್ಲಿ ಈ ಕೈಯಿಂದ ಒಂದು ಸ್ಕ್ರೂ ಬಿದ್ದಿಲ್ಲ ಕಣೋ" ಅಂದರು.

ಆ ಗಳಿಗೆಯಲ್ಲಿ ಮಾವ ಬಾಯಿ ಬಿಟ್ಟಿದ್ದರೆ ಜಗಳವಾಗುತ್ತಿತ್ತು, ಮಾತು ಬಿಡುತ್ತಿದ್ದರು, ಆರು ತಿಂಗಳಿಗೆ ಮತ್ತೆ ಸೇರುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಮಾವನ ಮೌನ ಬರೀ ಹಿತ್ತಾಳೆ. ಅಷ್ಟೇ ಆಗಿದ್ದರೂ ಕ್ಷಮಿಸಬಹುದಿತ್ತೇನೋ. ಅವನು ಸುಮ್ಮನೆ ಕೂರಲೂ ಇಲ್ಲ. ಗೆಳೆಯನ ಬೆನ್ನು ತಟ್ಟಿ, "ವಯಸ್ಸಾಯ್ತಲ್ಲ ಮಾರಾಯ, ಎಲ್ಲರಿಗೂ ಆಗುತ್ತೆ" ಅಂದ.

ಆ ಒಂದು ಮಾತು ಮುಂದೆ ಏನೇನು ಮಾಡಿತು ಅನ್ನುವುದನ್ನು ನಾನು ಎದುರಂಗಡಿಯಿಂದ ದಿನಾ ನೋಡಿದೆ, ಕಾರಣ ಗೊತ್ತಿಲ್ಲದೆ. ಮೊದಲು ಟಿಕ್‌ಟಿಕ್ ಹೆಂಗಸರ ಸಣ್ಣ ವಾಚುಗಳನ್ನು ವಾಪಸು ಕೊಡತೊಡಗಿದರು. ಆಮೇಲೆ ಹಳೇ ಕೀಲಿ ವಾಚು ಬೇಡವೆಂದರು. ಬರೀ ಪಟ್ಟಿ, ಬ್ಯಾಟರಿ. ಒಂದು ದಿನ ನನ್ನ ವಾಚಿಗೆ ಬ್ಯಾಟರಿ ಹಾಕಲು ಕೊಟ್ಟರೆ, ಹಿಂಬದಿಯ ಮುಚ್ಚಳ ತೆಗೆಯುವ ಮುನ್ನ ಕೈಯನ್ನು ದೀಪದ ಕೆಳಗೆ ಚಾಚಿ ಬಹಳ ಹೊತ್ತು ನೋಡಿದರು. "ಏನಾಯ್ತು?" ಅಂದೆ. "ನಂಬೋ ಹಾಗಿಲ್ಲಮ್ಮ ಇದನ್ನ" ಅಂದರು. ನನ್ನ ಕಣ್ಣಿಗೆ ಆ ಕೈ ಮೊದಲಿನ ಮೊಳೆಯ ಹಾಗೇ ಕಂಡಿತು. ಹಾಗಂತ ಹೇಳಿದೆ ಕೂಡ. ಹೊಲಿಗೆಯವಳ ಮಾತು ಯಾರು ಕೇಳುತ್ತಾರೆ?

ಅವರ ಮಗಳು ಶಾಲೆಯಲ್ಲಿ ಟೀಚರು. ಬಲವಂತದಿಂದ ನರಗಳ ಡಾಕ್ಟರ ಹತ್ತಿರ ಕರೆದೊಯ್ದಳು. ಕೈಗೆ ಏನೂ ಆಗಿಲ್ಲ ಎಂದರು ಡಾಕ್ಟರು. "ನಾಣ್ಯ ಬಿದ್ದದ್ದನ್ನ ಡಾಕ್ಟರು ನೋಡಿಲ್ಲವಲ್ಲ" ಎಂದು ಟಿಕ್‌ಟಿಕ್ ಎದ್ದು ಬಂದರು. ಕೆಲವು ತಿಂಗಳಿಗೆ ಗೋಡೆಯ ಗಡಿಯಾರಗಳೆಲ್ಲ ಕೆಳಗಿಳಿದವು. ಈಗ ಆ ಗೂಡಿನಲ್ಲಿ ಮೊಬೈಲಿನ ಕವರು ಮಾರುತ್ತಾರೆ.

ಭಾನುವಾರ ಮಾತ್ರ ತಪ್ಪಲಿಲ್ಲ. ತಪ್ಪಿಸಲು ಮಾವನಿಗೆ ಧೈರ್ಯವಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಹೋಗದಿದ್ದರೆ ಗೆಳೆಯನಿಗೆ ಅನುಮಾನ ಬಂದೀತೆಂಬ ಭಯ. ಹೋದರೆ ಅಲ್ಲಿ ಇನ್ನೊಂದು ಶಿಕ್ಷೆ ಕಾದಿರುತ್ತಿತ್ತು. ಟಿಕ್‌ಟಿಕ್ ತಮ್ಮ ನಾಣ್ಯಗಳನ್ನು ತಾವೇ ಮುಟ್ಟುವುದನ್ನು ಬಿಟ್ಟಿದ್ದರು. "ನಿನ್ನ ಕೈ ಗಟ್ಟಿ, ನೀನೇ ತೆಗಿ" ಎನ್ನುತ್ತಿದ್ದರು. ಮಾವ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯಬೇಕು, ಅವರು ಕೈ ಕಟ್ಟಿಕೊಂಡು ನೋಡಬೇಕು. ಕುದುರೆ ಸವಾರನನ್ನೂ ಮಾವನೇ ಎತ್ತಬೇಕು. ಅಲ್ಲಿಗೆ ಹೋಗುವ ಮುನ್ನ ಮಾವ ಬಚ್ಚಲಲ್ಲಿ ನಿಂತು ಸಾಬೂನು ಹಚ್ಚಿ ಹಚ್ಚಿ ಬೆರಳು ತೊಳೆಯುತ್ತಿದ್ದ. ಅತ್ತೆ, "ಇದೇನ್ರೀ ಆಪರೇಷನ್ ಮಾಡೋಕೆ ಹೊರಟಿದ್ದೀರಾ" ಎಂದು ಚುಡಾಯಿಸುತ್ತಿದ್ದಳು.

ನಾಣ್ಯ ಬಿದ್ದ ಆ ಭಾನುವಾರದಿಂದೀಚೆಗೆ ಮಾವ ಒಂದು ನಾಣ್ಯವನ್ನೂ ಕೊಳ್ಳಲಿಲ್ಲ. ಜೇಬಿನ ಕಲ್ಲೂ ಕಾಣಲಿಲ್ಲ. ಅಂತೂ ರೋಗ ವಾಸಿಯಾಯಿತೆಂದು ನಾವೆಲ್ಲ ನಕ್ಕೆವು. ಟಿಕ್‌ಟಿಕ್ ಅವರ ಮನೆಗೆ ಮಾತ್ರ ಬರಿಗೈಲಿ ಹೋಗುತ್ತಿರಲಿಲ್ಲ. ಹಣ್ಣು, ಔಷಧಿ, ಚಳಿಗಾಲಕ್ಕೆ ನನ್ನ ಕೈಯಲ್ಲೇ ಹೊಲಿಸಿದ ಕೋಟು. "ನಿಮ್ಮ ಮಾವನಂಥ ಗೆಳೆಯ ಇನ್ನೊಂದು ಜನ್ಮಕ್ಕೂ ಸಿಗಲ್ಲಮ್ಮ" ಎಂದು ಟಿಕ್‌ಟಿಕ್ ನನ್ನೆದುರೇ ಹೊಗಳಿದರು ಒಮ್ಮೆ. ಮಾವ ಚಹಾ ಬಿಸಿಯಿದೆಯೆಂದು ಹೇಳಿ ಲೋಟ ಕೆಳಗಿಟ್ಟ. ಚಹಾ ಆರಿ ಎಷ್ಟೋ ಹೊತ್ತಾಗಿತ್ತು.

ಹೀಗೇ ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ. ಅಷ್ಟರಲ್ಲಿ ಟಿಕ್‌ಟಿಕ್ ಅವರ ಮಗಳಿಗೆ ಹೆಣ್ಣುಮಗುವಾಯಿತು. ಬಾಣಂತನಕ್ಕೆ ತವರಿಗೇ ಬಂದಳು. ಮಗುವಿಗೆ ನಾನೊಂದು ಹತ್ತಿಯ ಅಂಗಿ ಹೊಲಿದಿದ್ದೆ. ಆ ಭಾನುವಾರ ಮಾವನ ಜೊತೆ ನಾನೂ ಹೋದೆ.

ಮಗು ಅಂಗೈಯಗಲ ಮುಖ ಮಾಡಿಕೊಂಡು ಮಲಗಿತ್ತು. ಅದನ್ನು ಎತ್ತಿ ಮಾವನ ಮಡಿಲಿಗೆ ಹಾಕಿದಳು ಆ ಹುಡುಗಿ. ಟಿಕ್‌ಟಿಕ್ ಎದುರಿನ ಕುರ್ಚಿಯಲ್ಲಿ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಕೂತು, ಕತ್ತು ಚಾಚಿ ಮೊಮ್ಮಗಳನ್ನು ನೋಡುತ್ತಿದ್ದರು. "ನೀವು ಎತ್ಕೊಳ್ಳಿ ಅಜ್ಜ" ಎಂದು ನಾನು ಸಹಜವಾಗಿ ಅಂದೆ. ಮಗಳ ಮುಖ ಸಪ್ಪಗಾಯಿತು. ಹುಟ್ಟಿದಾಗಿನಿಂದ ಒಂದು ಸಲವೂ ಅಪ್ಪ ಮಗುವನ್ನು ಎತ್ತಿಕೊಂಡಿಲ್ಲವೆಂದು ಅವಳೇ ಹೇಳಿದಳು. ತಾನು ಬೇಡಿದ್ದಾಯಿತು, ಅತ್ತಿದ್ದಾಯಿತು.

"ಚಿನ್ನ ಬಿದ್ರೆ ಅಂಚು ಸವೆಯುತ್ತೆ" ಅಂದರು ಟಿಕ್‌ಟಿಕ್. "ಇದು ಬಿದ್ರೆ?" ಆಮೇಲೆ ಮಾವನ ಕಡೆ ತಿರುಗಿ ನಕ್ಕರು. "ವಯಸ್ಸಾಯ್ತಲ್ಲ ಕಣೋ. ನೀನೇ ಹೇಳಿದ್ದೆಯಲ್ಲ ಅವತ್ತು."

ಮಾವ ಮಗುವನ್ನು ಅದರ ತಾಯಿಗೆ ಕೊಟ್ಟು ಎದ್ದ. ಹೊಟ್ಟೆ ಸರಿಯಿಲ್ಲವೆಂದ. ಬೀದಿಯ ತಿರುವಿನ ಬಸ್ ಸ್ಟಾಪಿನ ಬೆಂಚಿನವರೆಗೆ ನಡೆದು ಅಲ್ಲಿ ಕೂತ. ಅಲ್ಲೇ, ಬಸ್ಸುಗಳು ಬಂದು ಹೋಗುತ್ತಿರುವಾಗ, ನನಗೆ ಎಲ್ಲವನ್ನೂ ಹೇಳಿದ. ಕಲ್ಲು, ಗೆರೆ, ಹೊಟ್ಟೆಕಿಚ್ಚು, ಬೆನ್ನು ತಟ್ಟಿ ಆಡಿದ ಮಾತು. ಕೊನೆಗೆ ಬೆರಳೆರಡನ್ನೂ ನನ್ನ ಮುಂದೆ ಹಿಡಿದ.

"ಅವನ ಕೈ ನಡುಗಿದ್ದಲ್ಲ ಕಣೇ. ನನ್ನ ಬೆರಳಿನ ಎಣ್ಣೆ ನಾಣ್ಯಕ್ಕೆ ಹತ್ತಿತ್ತು. ಎಣ್ಣೆ ಹತ್ತಿದ್ದು ಚಿಮಟದಲ್ಲಿ ನಿಲ್ಲುತ್ತಾ? ನನಗೆ ಅವತ್ತೇ ಗೊತ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೊಬೈಲ್ ಕವರು ನೇತಾಡುವ ಆ ಗೂಡು ಕಣ್ಣಿಗೆ ಬಂತು. ಹೇಳಬಾರದ್ದನ್ನೆಲ್ಲ ಹೇಳಿದೆ. ಹೆತ್ತವಳ ತಮ್ಮ ಅನ್ನುವುದನ್ನೂ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಮಾವ, "ನಾಳೆ ನನ್ನ ಜೊತೆ ಬರ್ತೀಯಾ?" ಅಂದ. "ಒಬ್ಬನೇ ಹೋದರೆ ಬಾಗಿಲಿಂದಲೇ ವಾಪಸ್ ಬರ್ತೀನಿ. ನನಗೆ ಗೊತ್ತು ನನ್ನ ಬುದ್ಧಿ."

ಮರುದಿನ ಹೋದೆವು. ಮಾವ ಕೂರಲಿಲ್ಲ. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿ, ಆ ಪುಟ್ಟ ಒರೆಗಲ್ಲನ್ನು ಟಿಕ್‌ಟಿಕ್ ಅವರ ಮುಂದಿಟ್ಟ. ಪರೀಕ್ಷೆ ಮಾಡುವವರು ಕೆಲಸ ಮುಗಿದ ಮೇಲೆ ಕಲ್ಲಿನ ಗೆರೆಯನ್ನು ಮೇಣದ ಉಂಡೆಯಿಂದ ಒತ್ತಿ ತೆಗೆದುಬಿಡುತ್ತಾರೆ. ಚಿನ್ನದ ಧೂಳು ಮೇಣಕ್ಕೆ ಅಂಟುತ್ತದೆ, ಕಲ್ಲು ಮತ್ತೆ ಕಪ್ಪಾಗುತ್ತದೆ. ಈ ಕಲ್ಲನ್ನು ಮಾವ ಒರೆಸಿರಲಿಲ್ಲ. ಎರಡು ಹಳದಿ ಗೆರೆ ಹಾಗೇ ಇದ್ದವು.

"ಎಡಗಡೆಯದು ನಿನ್ನ ಸವಾರನದು" ಅಂದ ಮಾವ. "ನೀನು ಚಹಾ ತರೋಕೆ ಹೋದಾಗ ಎಳೆದದ್ದು."

ಟಿಕ್‌ಟಿಕ್ ಬಹಳ ದಿನಗಳ ಮೇಲೆ ಭೂತಗನ್ನಡಿಯನ್ನು ಕಣ್ಣಿಗೆ ಹಾಕಿಕೊಂಡರು. ಕಲ್ಲನ್ನು ತಾವೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಯನ್ನು ಅಷ್ಟೇನೂ ನೋಡಲಿಲ್ಲ. ಗೆರೆಯ ಸುತ್ತ ಹೊಳೆಯುವ ಜಿಡ್ಡಿನ ಮೇಲೆ ಬೆರಳ ತುದಿಯಿಟ್ಟು, ಆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದರು. ಜೀವನವೆಲ್ಲ ಎಣ್ಣೆಯ ಕಣ ಎಣಿಸಿದ ಮನುಷ್ಯ. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಣ್ಣೆ" ಅಂದರು.

"ಹೂಂ. ನನ್ನ ಬೆರಳಿನದು."

"ನಾಣ್ಯ ಜಾರಿದ್ದು. ಕೈ ನಡುಗಿದ್ದಲ್ಲ."

"ಅಲ್ಲ."

"ಕೈ ನಡುಗಿದ್ದಲ್ಲ" ಎಂದು ಇನ್ನೊಂದು ಸಲ ಕೇಳಿದರು. ಮಾವ ಇನ್ನೊಂದು ಸಲ ಅಲ್ಲ ಅಂದ.

ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಅಂಚು ಸವೆಸಿದ್ದಕ್ಕೆ ಬೈಯುತ್ತಾರೆಂದು ನಾನು ಕಾದೆ. ಅದರ ಮಾತೇ ಬರಲಿಲ್ಲ. "ಕಲ್ಲಿಗೆ ಉಜ್ಜಿದ್ದು ನಿನ್ನ ಚಟ. ಅದು ನನಗೂ ಗೊತ್ತಿತ್ತು, ಆದರೂ ಬಿಟ್ಟು ಒಳಗೆ ಹೋದೆ. ಆದರೆ ನನ್ನ ಬೆನ್ನು ತಟ್ಟಿದೆಯಲ್ಲೋ" ಅಂದರು, ಮೆಲ್ಲಗೆ.

ಒಳಬಾಗಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಬಂದು ಮಗುವನ್ನು ಅಪ್ಪನ ಮುಂದೆ ಹಿಡಿದಳು. ಟಿಕ್‌ಟಿಕ್ ಕೈ ಚಾಚಿದರು. ಕೈ ನಡುಗುತ್ತಿತ್ತು. ಅಷ್ಟು ವರ್ಷದಲ್ಲಿ ನಾನು ಆ ಕೈ ನಡುಗಿದ್ದನ್ನು ಕಂಡದ್ದು ಅದೇ ಮೊದಲು. ಮಾವನೂ ಕಂಡ.

ಟಿಕ್‌ಟಿಕ್ ತಮ್ಮ ಕೈಯನ್ನು ಒಂದು ಕ್ಷಣ ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡರು.

"ಸ್ವಲ್ಪ ತಡಿ ಮಗಳೇ" ಅಂದರು. "ಇದು ಸಿಟ್ಟಿಗೆ ನಡುಗ್ತಿರೋದು. ಇವನು ಹೊರಗೆ ಹೋದ ಮೇಲೆ ನಿಲ್ಲುತ್ತೆ."

ಮಾವ ಕಲ್ಲನ್ನು ಅಲ್ಲೇ ಬಿಟ್ಟು ಹೊರಗೆ ಬಂದ. ಹೊಸ್ತಿಲಾಚೆ ಚಪ್ಪಲಿ ಹುಡುಕುವ ನೆಪದಲ್ಲಿ ನಾನು ಹಿಂದೆ ಉಳಿದು, ತೆರೆದ ಬಾಗಿಲಿನಿಂದ ಒಳಗೆ ನೋಡಿದೆ. ಟಿಕ್‌ಟಿಕ್ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಮಗಳು ಪಕ್ಕದಲ್ಲಿ ಕಾಯುತ್ತ ನಿಂತಿದ್ದಳು. ಆಮೇಲೆ ಅವರು ಇತ್ತ ತಿರುಗಿ ಎರಡೂ ಕೈ ನೀಡಿದರು. ಒಂದು ಕೈ ತಲೆಯ ಅಡಿಗೆ, ಇನ್ನೊಂದು ಬೆನ್ನಿನ ಅಡಿಗೆ ಸರಿಯಿತು.

ಮಾವ ಗೇಟಿನ ಹೊರಗೆ ಗೋಡೆ ಹಿಡಿದು ನಿಂತಿದ್ದ. ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ.

"ಎತ್ಕೊಂಡನಾ?" ಅಂದ.

"ಎತ್ಕೊಂಡ್ರು."

"ಕೈ ನಡುಗ್ತಿತ್ತಾ?"

"ಇಲ್ಲ ಮಾವ. ಒಂದು ಚೂರೂ ಇಲ್ಲ."

ಮಾವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಮನೆಗೆ ಹೋಗೋಣ ಎಂದು ನಾನು ಎಷ್ಟು ಕರೆದರೂ ಬಹಳ ಹೊತ್ತು ಏಳಲಿಲ್ಲ.